ಜೌಗು ಸಮಿತಿಯ ನಾಲ್ಕನೆಯವಳು

ಮಾರ್ಚ್ ೪, ಸೋಮವಾರ

ಇವತ್ತಿನಿಂದ ನಾನು ಜೌಗು ಪ್ರದೇಶ ಸಂರಕ್ಷಣಾ ಸಮಿತಿಯ ಸದಸ್ಯೆ. ಬರೆಯುವಾಗ ನನಗೇ ನಗು ಬರುತ್ತಿದೆ. ಆ ಕೆಸರಿಗೆ ನನ್ನಷ್ಟು ಶಾಪ ಹಾಕಿದವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ.

ಸಂಗತಿ ಇಷ್ಟೆ. ನನ್ನ ಡ್ರೈವಿಂಗ್ ಸ್ಕೂಲಿನ ಮೈದಾನದ ಮೇಲರ್ಧ ಗಟ್ಟಿ ನೆಲ, ಕೆಳಗಿನರ್ಧ ಮೆಲ್ಲಗೆ ಜೌಗಿಗೆ ಇಳಿಯುತ್ತದೆ. ಕಾರು ಕಲಿಸಲು ಮೇಲರ್ಧ ಸಾಕು. ಲಾರಿಗೆ ಸಾಲದು. ಲಾರಿ ತಿರುಗಬೇಕಾದರೆ ಕೆಳಗೆ ಇಳಿಯಲೇಬೇಕು, ಇಳಿದರೆ ಹೂತುಕೊಳ್ಳುತ್ತದೆ. ಸಾರಿಗೆ ಇನ್ಸ್‌ಪೆಕ್ಟರು ಕಳೆದ ಸಲ ಬಂದಾಗ ಅವರ ಕಣ್ಣೆದುರೇ ಹೂತುಕೊಂಡಿತು. ಲಾರಿ ತಿರುಗಿ ಗೇಟಿನ ಕಡೆ ಮುಖ ಮಾಡುವಷ್ಟು ಗಟ್ಟಿ ನೆಲ ತೋರಿಸಿ, ಇಲ್ಲದಿದ್ದರೆ ಜೂನ್‌ನಿಂದ ಲಾರಿ ಪಾಠ ಬಂದ್ ಎಂದು ಹೇಳಿ ಹೋದರು. ಪಾಠ ನಿಂತರೆ ಲಾರಿಯನ್ನು ಸುಮ್ಮನೆ ಸಾಕಲಾಗುವುದಿಲ್ಲ, ಮಾರಬೇಕು. ಅಪ್ಪ ಓಡಿಸಿದ ಲಾರಿ ಅದು. ನಾನು ಸ್ಟಿಯರಿಂಗ್ ಹಿಡಿದದ್ದೇ ಅದರಲ್ಲಿ. ಮನೆಯಲ್ಲಿ ಎಲ್ಲರೂ ಅದನ್ನು ದೊಡ್ಡಣ್ಣ ಎಂದೇ ಕರೆಯುವುದು.

ಕೆಳಗೆ ಜಲ್ಲಿ ಹಾಕಿಸಿದರೆ ಮುಗಿಯಿತು. ತಮ್ಮನ ಹತ್ತಿರ ಟಿಪ್ಪರ್ ಇದೆ, ಜಲ್ಲಿಯೂ ಇದೆ. ಆದರೆ ಜೌಗಿನ ಪಕ್ಕ ಒಂದು ಗುದ್ದಲಿ ಎತ್ತಬೇಕಾದರೂ ಈ ಸಮಿತಿಯ ಅಪ್ಪಣೆ ಬೇಕು. ಅರ್ಜಿ ಕೊಟ್ಟು ತಿಂಗಳುಗಳೇ ಕಳೆದವು, ಸಭೆಯೇ ನಡೆದಿಲ್ಲ. ಸಭೆಗೆ ಕನಿಷ್ಠ ನಾಲ್ಕು ಜನ ಬೇಕು, ಇರುವವರು ಮೂವರು. ನಾಲ್ಕನೆಯವರು ಊರು ಬಿಟ್ಟರಂತೆ. ಆ ಕುರ್ಚಿಗೆ ಬೇರೆ ಯಾರೂ ಒಪ್ಪುತ್ತಿಲ್ಲವಂತೆ.

ಸರಿ, ನಾನೇ ಒಪ್ಪಿದೆ. ಒಂದು ಸಭೆ, ಒಂದು ಅಪ್ಪಣೆ, ಆಮೇಲೆ ರಾಜೀನಾಮೆ ಕೊಟ್ಟು ಕೈ ತೊಳೆದುಕೊಳ್ಳುವುದು. ಅಷ್ಟು ಸುಲಭವೇ ಎಂದು ಇವರು ಕೇಳಿದರು. ಇಷ್ಟು ವರ್ಷ ಸಂಸಾರ ಮಾಡಿಯೂ ನನ್ನ ಬುದ್ಧಿಯ ಮೇಲೆ ಇವರಿಗೆ ನಂಬಿಕೆಯಿಲ್ಲ.

ಮಾರ್ಚ್ ೧೨, ಮಂಗಳವಾರ

ಮೊದಲ ಸಭೆ. ಗ್ರಂಥಾಲಯದ ಹಿಂದಿನ ಕೋಣೆ, ಮಕ್ಕಳ ವಿಭಾಗದ್ದು. ಕುರ್ಚಿಗಳೂ ಮಕ್ಕಳವೇ. ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತೆವು.

ಅಧ್ಯಕ್ಷರು ಹಲ್ಲಿನ ಡಾಕ್ಟರು. ಯಾವ ಮಾತನ್ನೂ ನೇರವಾಗಿ ಹೇಳುವುದಿಲ್ಲ, ಮೊದಲು ನಿಮ್ಮನ್ನು ಸಮಾಧಾನ ಮಾಡುತ್ತಾರೆ. ಎರಡನೆಯವರು ಗಿಡದ ಟೀಚರ್, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ನಿವೃತ್ತರಾದವರು, ಚೀಲದಲ್ಲಿ ಸದಾ ಮಣ್ಣು. ಮೂರನೆಯವರು ಲಾಂಡ್ರಿ ಮಾಲೀಕರು. ಅವರಿಗೆ ಬರುವುದು ಒಂದೇ ಮಾತು: "ಅವರು ಹೇಳಿದ ಹಾಗೇ."

ಮೊದಲ ವಿಷಯ ಕುಡಿಯುವ ನೀರಿನ ಪೈಪು. ಜೌಗಿನ ಅಂಚಿನಲ್ಲಿ ಕಾಲುವೆ ತೋಡಿ ಪೈಪು ಹೂಳುತ್ತಾರಂತೆ. ಪೈಪಿನ ಎಂಜಿನಿಯರು ನಕ್ಷೆ ಬಿಡಿಸಿ ಏನೇನೋ ವಿವರಿಸಿದರು. ನಾನು ಕೇಳಿಸಿಕೊಳ್ಳದೆ ಕೈ ಎತ್ತಿ, ಸಹಿ ಹಾಕಿ, ಮುಂದಿನದಕ್ಕೆ ಹೋಗೋಣ ಎಂದೆ. ಮುಂದಿನದು ನನ್ನದು.

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಸ್ವಲ್ಪ ಬೇಜಾರಾಗ್ಬಹುದು ಮೇಡಂ. ಅರ್ಜಿ ನಿಮ್ಮದೇ ಆದ್ದರಿಂದ ನೀವು ಹೊರಗೆ ಹೋಗ್ಬೇಕು."

ಹೋದೆ. ಹೊರಗೆ ಬೆಂಚಿನ ಮೇಲೆ ಕೂರುವಷ್ಟರಲ್ಲಿ ಬಾಗಿಲು ತೆರೆದು ಒಳಗೆ ಕರೆದರು. ಇಷ್ಟು ಬೇಗ ಆಯಿತೇ ಎಂದು ಹಿಗ್ಗಿದೆ.

"ನೀವು ಹೊರಗೆ ಹೋದ್ರೆ ನಾವು ಮೂರೇ ಜನ," ಎಂದರು ಟೀಚರ್. "ಮೂರು ಜನಕ್ಕೆ ಸಭೆ ಇಲ್ಲ."

ಹಾಗಾದರೆ ಒಳಗೇ ಇರುತ್ತೇನೆ ಎಂದೆ. ಒಳಗಿದ್ದರೆ ಆ ವಿಷಯ ಎತ್ತುವಂತಿಲ್ಲವಂತೆ. ಹೊಸ್ತಿಲ ಮೇಲೆ ನಿಲ್ಲುತ್ತೇನೆ, ಎಣಿಸುವಾಗ ಒಳಗಿನವಳು, ಚರ್ಚಿಸುವಾಗ ಹೊರಗಿನವಳು ಎಂದು ತಿಳಿಯಿರಿ ಎಂದೆ. ನಿಜಕ್ಕೂ ಹೋಗಿ ನಿಂತೆ. ಟೀಚರ್ ನಿಯಮಾವಳಿ ತೆರೆದು, ಹೊಸ್ತಿಲಿನ ವಿಷಯ ಇದರಲ್ಲಿಲ್ಲ ಎಂದರು. ಲಾಂಡ್ರಿಯವರು, ಅವರು ಹೇಳಿದ ಹಾಗೇ ಎಂದರು. ಯಾರು ಹೇಳಿದ ಹಾಗೆ ಎಂಬುದು ಇನ್ನೂ ಗೊತ್ತಾಗಿಲ್ಲ.

ಒಟ್ಟಿನಲ್ಲಿ ನಾನಿಲ್ಲದೆ ಸಭೆಯಿಲ್ಲ, ನಾನಿದ್ದರೆ ನನ್ನ ಅರ್ಜಿಯಿಲ್ಲ. ರಾಜೀನಾಮೆ ಕೊಟ್ಟರೆ ಮತ್ತೆ ಮೂವರು. ಸರಿಯಾಗಿ ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ಐದನೆಯವರನ್ನು ಹುಡುಕದೆ ಬೇರೆ ದಾರಿಯಿಲ್ಲ.

ಮಾರ್ಚ್ ೧೩, ಬುಧವಾರ

ಇವರಿಗೆ ಹೇಳಬಾರದಿತ್ತು. ನಕ್ಕು ನಕ್ಕು ಲೋಟ ಕೆಳಗಿಟ್ಟು ಕಣ್ಣೊರೆಸಿಕೊಂಡರು. ಸಂಜೆಯವರೆಗೆ ನಾನು ಮಾತಾಡಿಸಲಿಲ್ಲ.

ಮಾರ್ಚ್ ೨೩, ಶನಿವಾರ

ಸದಸ್ಯೆ ಅಂದಮೇಲೆ ಸ್ಥಳ ಪರಿಶೀಲನೆಗೂ ಹೋಗಬೇಕಂತೆ. ಇವತ್ತು ಪೈಪಿನ ಜಾಗಕ್ಕೆ ಹೋದೆವು. ವಿಚಿತ್ರ ಕ್ರಮ ಸಮಿತಿಯದು. ಸ್ಥಳದಲ್ಲಿ ಸದಸ್ಯರು ನೋಡಬಹುದು, ಅಗೆಯಬಹುದು, ಅಭಿಪ್ರಾಯ ಹೇಳಬಾರದು. ಅರ್ಜಿದಾರರಂತೂ ಕೇಳಿದ ಹೊರತು ತುಟಿ ಬಿಚ್ಚುವಂತಿಲ್ಲ. ಇಷ್ಟು ಜನ ದೊಡ್ಡವರು ಬಾಯಿಗೆ ಬೀಗ ಹಾಕಿಕೊಂಡು ಕೆಸರಿನಲ್ಲಿ ಅಡ್ಡಾಡುವುದನ್ನು ನೋಡಿ ದನ ಮೇಯಿಸುವವನು ನಿಂತೇಬಿಟ್ಟ.

ಟೀಚರ್ ಮೊಳದಾಳದ ಗುಂಡಿ ತೋಡಿ ಒಂದು ಹಿಡಿ ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿದರು. ಮೂಸಿ ನೋಡಿ ಎಂದು ಸನ್ನೆ ಮಾಡಿದರು. ಕೊಳೆತ ಮೊಟ್ಟೆಯ ವಾಸನೆ. ಮಣ್ಣು ಕಂದು ಬಣ್ಣವಿದ್ದರೆ ಒಣ ನೆಲ, ಹೀಗೆ ಬೂದುಬಣ್ಣಕ್ಕೆ ತಿರುಗಿ ನಾತ ಹೊಡೆದರೆ ಜೌಗು ಎಂದು ಆಮೇಲೆ ದಾರಿಯಲ್ಲಿ ವಿವರಿಸಿದರು. ಜೌಗಿನ ಗಡಿ ಗುರುತಿಸುವುದೇ ಹೀಗಂತೆ, ಗುಂಡಿ ತೋಡಿ, ಮೂಸಿ, ಅಲ್ಲೊಂದು ಬಾವುಟ ನೆಟ್ಟು. ಕೈ ಎಷ್ಟು ತೊಳೆದರೂ ವಾಸನೆ ಹೋಗಿಲ್ಲ. ಊಟವೂ ಸೇರಲಿಲ್ಲ.

ಒಂದು ವಿಷಯ ಮಾತ್ರ ಕಣ್ಣಿಗೆ ಬಿತ್ತು. ಕೆಸರುನೀರು ಜೌಗಿಗೆ ಹರಿಯದ ಹಾಗೆ ಕಟ್ಟಬೇಕಾದ ಬಟ್ಟೆಯ ಬೇಲಿಯನ್ನು ಎಂಜಿನಿಯರ ಕಡೆಯವರು ಬುಡ ಹೂಳದೆ ಸುಮ್ಮನೆ ನೇತುಹಾಕಿದ್ದಾರೆ. ಪೊಲೀಸರು ಕಂಡಾಗ ಸೀಟ್ ಬೆಲ್ಟನ್ನು ಹೆಗಲ ಮೇಲೆ ಎಳೆದುಕೊಂಡು ಕೂರುವವರನ್ನು ನಾನು ಎಷ್ಟು ಜನರನ್ನು ನೋಡಿಲ್ಲ! ಬೂಟಿನ ತುದಿಯಿಂದ ಆ ಬಟ್ಟೆಯನ್ನು ಎತ್ತಿ ಎಂಜಿನಿಯರಿಗೆ ತೋರಿಸಿದೆ. ಮಾತಾಡಲಿಲ್ಲ, ನಿಯಮ ನಿಯಮವೇ. ಅವರ ಮುಖ ಸಣ್ಣದಾಯಿತು.

ಮಾರ್ಚ್ ೨೮, ಗುರುವಾರ

ಐದನೆಯವರಿಗಾಗಿ ನನ್ನ ಶಿಷ್ಯರ ಬೆನ್ನು ಬಿದ್ದಿದ್ದೇನೆ. ಕ್ಲಚ್ ಹಿಡಿಸಿ ಕೇಳಿದೆ, ಹಿಮ್ಮುಖ ಓಡಿಸುವಾಗ ಕೇಳಿದೆ, ಟ್ರಾಫಿಕ್ಕಿನ ನಡುವೆ ತಪ್ಪಿಸಿಕೊಳ್ಳಲಾಗದ ಹೊತ್ತು ನೋಡಿ ಕೇಳಿದೆ. ಎಲ್ಲರಿಗೂ ಮಂಗಳವಾರವೇ ಏನೋ ಕೆಲಸ. ಕೊನೆಗೆ ಒಪ್ಪಿದವಳು ಬ್ರೇಕಮ್ಮ.

ಬ್ರೇಕಮ್ಮನದು ಚಪ್ಪಲಿ ಅಂಗಡಿ. ಕಾರು ಕಲಿಯಲು ಬಂದು ವರ್ಷವಾಗುತ್ತ ಬಂತು, ಎದುರಿಗೆ ಕಾಗೆ ಕೂತರೂ ಬ್ರೇಕು. ಒಲ್ಲೆ ಅನ್ನಲು ಬಾರದ ಹೆಂಗಸು. ಅಂಥವಳೇ ನನಗೆ ಬೇಕಾಗಿತ್ತು. ನೇಮಕದ ಕಾಗದ ಬರಲು ಇನ್ನು ಒಂದು ತಿಂಗಳಂತೆ. ಕಾಯುತ್ತೇನೆ.

ಏಪ್ರಿಲ್ ೧೬, ಮಂಗಳವಾರ

ಸಭೆ. ಲಾಡ್ಜಿನವನೊಬ್ಬ ಜೊಂಡು ಕಡಿದು ಕಾರು ನಿಲ್ಲಿಸಲು ಸಿಮೆಂಟು ಹಾಕುತ್ತಾನಂತೆ. ಮಳೆನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಕೆಳಗೆ ಎಂದ. ಕೆಳಗೆ ಅಂದರೆ ಎಲ್ಲಿಗೆ ಎಂದೆ. ಹೀಗೆ ಬಹಳ ಹೊತ್ತು ನಡೆಯಿತು. ಲಾಂಡ್ರಿಯವರಿಗೆ ಜೊಂಪು ಹತ್ತಿತು. ಕೊನೆಗೆ ಅವನು ಅರ್ಜಿ ಸುತ್ತಿಕೊಂಡು, ತಿದ್ದಿ ತರುತ್ತೇನೆ ಎಂದು ಹೋದ. ನೀವು ಬಹಳ ಚೆನ್ನಾಗಿ ಕೆದಕುತ್ತೀರಿ ಎಂದರು ಡಾಕ್ಟರು. ಅವರ ಬಾಯಲ್ಲಿ ಅದು ಹೊಗಳಿಕೆಯೇ ಇರಬೇಕು.

ನನಗೇನೂ ಆ ಜೊಂಡಿನ ಮೇಲೆ ಮೋಹವಿಲ್ಲ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡದವರನ್ನು ಕಂಡರೆ ಆಗುವುದಿಲ್ಲ, ಅಷ್ಟೆ.

ಏಪ್ರಿಲ್ ೨೧, ಭಾನುವಾರ

ಬೆಳಿಗ್ಗೆ ಸುಮ್ಮನೆ ವಾಕಿಂಗ್ ಎಂದು ಆ ಕಡೆ ಹೋದೆ. ನೀರುಕೋಳಿ ಮರಿ ಮಾಡಿದೆಯೋ ಏನೋ ನೋಡೋಣ ಎಂದು, ಬೇರೆ ಕೆಲಸವಿರಲಿಲ್ಲ. ನೋಡಿದರೆ ಭಾನುವಾರ ಯಾರೂ ಬರುವುದಿಲ್ಲ ಎಂದು ಪೈಪಿನವರು ಕಾಲುವೆಯ ಕೆಸರುನೀರನ್ನು ಪಂಪು ಹಚ್ಚಿ ನೇರ ಜೌಗಿಗೆ ಬಿಡುತ್ತಿದ್ದಾರೆ. ಕಾಫಿಪುಡಿ ಕಲಸಿದ ಬಣ್ಣದ ನೀರು.

ಮೈ ಉರಿದುಹೋಯಿತು. ಪಂಪಿನ ಮುಂದೆ ನಿಂತು ಆಫ್ ಮಾಡಿ ಎಂದೆ. ಎಂಜಿನಿಯರು ರಜೆಯಲ್ಲಿದ್ದಾರೆ, ಅವರನ್ನೇ ಕೇಳಿ ಎಂದರು. ಕರೆಸಿ, ಅಲ್ಲಿಯವರೆಗೆ ನಾನಿಲ್ಲೇ ಇರುತ್ತೇನೆ ಎಂದು ಒಂದು ಪೈಪಿನ ಮೇಲೆ ಕೂತೆ. ಮಧ್ಯಾಹ್ನ ಇವರು ಡಬ್ಬಿಯಲ್ಲಿ ಊಟ ತಂದರು, ಜೊತೆಗೆ ಕೊಡೆ. ಬುದ್ಧಿ ಹೇಳುತ್ತಾರೆ ಅಂದುಕೊಂಡೆ. ಪಕ್ಕದಲ್ಲಿ ಕೂತು ತಾವೂ ಉಂಡರು.

ಎಂಜಿನಿಯರು ಬಂದದ್ದು ಸಂಜೆ. ಪಂಪು ನಿಂತಿತು, ಬೇಲಿಯ ಬುಡವನ್ನು ನನ್ನೆದುರೇ ಹೂಳಿಸಿದರು. "ಈ ಗೊಚ್ಚೆಗೆ ಇಷ್ಟೊಂದು ಯಾಕೆ ಮೇಡಂ?" ಎಂದು ಕೇಳಿದರು. ಅಪ್ಪಣೆಗೆ ಸಹಿ ಹಾಕಿದವಳು ನಾನು, ಅದಕ್ಕೆ ಎಂದೆ. ಗೊಚ್ಚೆ ಎಂದದ್ದು ಯಾಕೋ ಹಿಡಿಸಲಿಲ್ಲ. ನಾನು ಅನ್ನಬಹುದು, ನನ್ನ ಮೈದಾನದ ಪಕ್ಕದಲ್ಲಿದೆ.

ಮರಿಗಳು ಐದು.

ಮೇ ೩, ಶುಕ್ರವಾರ

ಬ್ರೇಕಮ್ಮನ ನೇಮಕವಾಯಿತು. ಸಮಿತಿ ಎಂದರೇನು ಎಂದು ಕಾರಿನಲ್ಲೇ ಪಾಠ ಮಾಡಿದೆ. ಹೆದರಬೇಡಿ, ಅಧ್ಯಕ್ಷರು ಕೇಳಿದಾಗ ಕೈ ಎತ್ತಿದರಾಯಿತು ಎಂದೆ. ಮಣ್ಣು ನೋಡುವುದು ಹೇಗೆ ಎಂದು ಕೇಳಿದಳು. ಅದು ನಿಮಗೆ ಬೇಡ ಎನ್ನಬೇಕು ಅಂದುಕೊಂಡವಳು, ಕಾರು ನಿಲ್ಲಿಸಿ ಎರಡು ಗುಂಡಿ ತೋಡಿ ತೋರಿಸಿದೆ. ಕಲಿಯುವವರು ಕೇಳಿದಾಗ ಹೇಳಿಕೊಡದೆ ಇರುವುದು ನನ್ನಿಂದಾಗದು.

ಜಲ್ಲಿ ರಾಶಿ ಅಂಗಳ ತುಂಬಿದೆ, ಯಾವಾಗ ತರಲಿ ಎಂದು ತಮ್ಮ ದಿನಕ್ಕೊಂದು ಸಲ ಫೋನ್ ಮಾಡುತ್ತಾನೆ. ಈ ತಿಂಗಳ ಕೊನೆಗೆ ಇನ್ಸ್‌ಪೆಕ್ಟರು ಬರುತ್ತಾರೆ. ದೊಡ್ಡಣ್ಣನನ್ನು ತೊಳೆದು ನಿಲ್ಲಿಸಿದೆ.

ಮೇ ೧೪, ಮಂಗಳವಾರ

ಕೊನೆಗೂ ಸರಿಯಾಗಿ ಹೊರಗೆ ಹೋದೆ. ಒಳಗೆ ನಾಲ್ವರು, ಹೊರಗೆ ಬೆಂಚಿನ ಮೇಲೆ ನಾನು, ಧೈರ್ಯಕ್ಕೆಂದು ಜೊತೆಗೆ ಬಂದ ಇವರು. ಅವರು ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಮನಸ್ಸಿನಲ್ಲೇ ಉತ್ತರ ಜೋಡಿಸತೊಡಗಿದೆ. ನೀರು ಎಲ್ಲಿಗೆ ಹೋಗುತ್ತದೆ? ಜಲ್ಲಿಯ ಜೊತೆ ಬರುವ ಪುಡಿ ಎಲ್ಲಿ ಇಳಿಯುತ್ತದೆ? ಮೊದಲನೆಯದಕ್ಕೇ ಉತ್ತರ ಹೊಳೆಯುವ ಮೊದಲು ಬಾಗಿಲು ತೆರೆಯಿತು.

"ಅಭಿನಂದನೆ ಮೇಡಂ," ಎಂದರು ಡಾಕ್ಟರು. "ನಾಲ್ಕೂ ಮತ ನಿಮಗೇ. ಸ್ವಲ್ಪವೂ ನೋವಾಗ್ಲಿಲ್ಲ ಅಲ್ವಾ?"

ಇವರು ಎದ್ದು ನನ್ನ ಬೆನ್ನು ತಟ್ಟಿದರು. ಬ್ರೇಕಮ್ಮ ನಗುತ್ತಿದ್ದಳು. ನನಗೆ ಸಂತೋಷವಾಗಬೇಕಿತ್ತು. ಬಂದದ್ದು ಸಿಟ್ಟು.

"ಯಾರಾದ್ರೂ ಜಾಗ ನೋಡೋಕೆ ಬಂದ್ರಾ?" ಎಂದು ಕೇಳಿದೆ.

ನಮ್ಮವರೇ ಅಲ್ಲವೇ, ಬೇಡ ಎನಿಸಿತು ಎಂದರು ಟೀಚರ್. ಲಾಂಡ್ರಿಯವರು, ಅವರು ಹೇಳಿದ ಹಾಗೇ ಎಂದರು.

"ಲಾಡ್ಜಿನವನನ್ನ ಗೋಳು ಹುಯ್ಕೊಂಡ್ವಿ. ಪೈಪಿನವರ ಬೇಲಿ ಕಿತ್ತು ಮತ್ತೆ ಹಾಕಿಸಿದ್ವಿ. ನನ್ನ ಅರ್ಜಿಗೆ ಒಂದು ಗುಂಡಿ ತೋಡೋಷ್ಟು ಮರ್ಯಾದೆ ಇಲ್ವಾ?"

ಪರಿಶೀಲನೆ ಆಗದ ಅಪ್ಪಣೆ ನನಗೆ ಬೇಡ, ವಾಪಸ್ ತೆಗೆದುಕೊಳ್ಳಿ ಎಂದೆ. ಕೊಟ್ಟ ಅಪ್ಪಣೆಯನ್ನು ಅರ್ಜಿದಾರರೇ ಹಿಂದಿರುಗಿಸುವ ಬಗ್ಗೆ ಟೀಚರ್ ನಿಯಮಾವಳಿಯಲ್ಲಿ ಬಹಳ ಹುಡುಕಿದರು. ಇಂಥದ್ದು ಆಗಬಹುದೆಂದು ಬರೆದವರಿಗೆ ತೋಚಿಯೇ ಇರಲಿಲ್ಲ. ಶನಿವಾರ ಬರುತ್ತೇವೆ ಎಂದರು ಡಾಕ್ಟರು.

ಮನೆಗೆ ಬರುವಾಗ ಇವರು, "ನಿನಗೆ ತಲೆ ಸರಿ ಇದೆಯಾ?" ಎಂದು ಕೇಳಿದರು. ಇದೆ, ಕ್ರಮ ಎಂದರೆ ಕ್ರಮ ಎಂದೆ.

ಮೇ ೧೫, ಬುಧವಾರ

ತಮ್ಮ ಟಿಪ್ಪರ್ ತರಲೇ ಎಂದ. ಬೇಡ ಎಂದೆ. ಬೈದ. ಅವನು ಬೈದದ್ದು ಸರಿಯೇ.

ಮೇ ೧೮, ಶನಿವಾರ

ನಾಲ್ವರೂ ಬಂದರು. ಅರ್ಜಿದಾರಳು ಬಾಯಿ ಬಿಡಬಾರದು, ಹಾಗಾಗಿ ಆಫೀಸಿನ ಗೋಡೆಗೆ ಒರಗಿ ನಿಂತೆ. ಒಳ್ಳೆಯ ಬೂಟು ಹಾಕಿದ್ದೆ, ಬ್ರೇಕಮ್ಮನ ಅಂಗಡಿಯದ್ದೇ.

ಗುದ್ದಲಿ ಹಿಡಿದವಳು ಬ್ರೇಕಮ್ಮ. ಮೈದಾನದ ಮೇಲ್ಭಾಗದಲ್ಲಿ, ಕಾರುಗಳು ಓಡಾಡಿ ಕಲ್ಲಾಗಿರುವ ಜಾಗದಲ್ಲಿ ಅಗೆದಳು. ಕಂದು ಮಣ್ಣು. ಇನ್ನೊಂದು ಚೂರು ಕೆಳಗೆ ಬಂದು ಅಗೆದಳು. ಅಲ್ಲೂ ಕಂದು. ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಡಾಕ್ಟರು ಕೈಗಡಿಯಾರ ನೋಡಿಕೊಂಡರು. ನನ್ನ ಮೇಲಿನ ಪ್ರೀತಿಯಿಂದ ಬೇಕೆಂದೇ ಒಣ ನೆಲದಲ್ಲಿ ಅಗೆಯುತ್ತಿದ್ದಾರೆ ಎಂದು ಗೊತ್ತಾಯಿತು. ಇಲ್ಲಿಗೇ ಮುಗಿಸಿ ಹೊರಟುಬಿಡುತ್ತಾರೆ, ಜಲ್ಲಿ ಬೀಳುತ್ತದೆ, ದೊಡ್ಡಣ್ಣ ಉಳಿಯುತ್ತಾನೆ. ಸುಮ್ಮನೆ ಗೋಡೆಗೆ ಒರಗಿ ನಿಂತಿದ್ದರೆ ಸಾಕಿತ್ತು.

ಅದು ಗೊತ್ತಿದ್ದೂ ನನ್ನ ಕಾಲು ನಿಲ್ಲಲಿಲ್ಲ. ಅವರೆಲ್ಲರನ್ನೂ ದಾಟಿ ಇಳಿಜಾರಿನಲ್ಲಿ ಕೆಳಗೆ ಹೋದೆ. ದೊಡ್ಡಣ್ಣ ಪ್ರತಿ ಸಲ ಹೂತುಕೊಳ್ಳುವ ಜಾಗ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲಿ ಹೋಗಿ ನಿಂತೆ. ಮಾತಾಡಲಿಲ್ಲ. ಬೂಟು ಮುಳುಗಿತು, ಕಾಲುಚೀಲ ಒದ್ದೆಯಾಯಿತು. ಡಾಕ್ಟರು ಕೂಗಿ ಕರೆದರು, ನಾನು ಹೋಗಲಿಲ್ಲ. ಕೊನೆಗೆ ಟೀಚರ್ ಬ್ರೇಕಮ್ಮನ ಕೈಯಿಂದ ಗುದ್ದಲಿ ತೆಗೆದುಕೊಂಡು ನಿಧಾನವಾಗಿ ಇಳಿದು ಬಂದರು.

ಅಗೆದರು. ಬೂದುಬಣ್ಣ. ಮೂಸಿ ನೋಡುವ ಅಗತ್ಯವೂ ಇರಲಿಲ್ಲ, ಲಾಂಡ್ರಿಯವರು ದೂರದಲ್ಲಿ ನಿಂತೇ ಮೂಗು ಮುಚ್ಚಿಕೊಂಡರು. ಮೈದಾನದ ಕೆಳಗಿನರ್ಧಕ್ಕೆ ಸಾಲಾಗಿ ಕೆಂಪು ಬಾವುಟ ನೆಟ್ಟು ಹೋದರು.

ಮೇ ೨೧, ಮಂಗಳವಾರ

ಅರ್ಜಿ ತಿರಸ್ಕೃತ. ನಾಲ್ಕೂ ಮತ ವಿರುದ್ಧ.

ಬ್ರೇಕಮ್ಮ ಕೈ ಎತ್ತುವಾಗ ಅಳುತ್ತಿದ್ದಳಂತೆ, ಆದರೂ ಎತ್ತಿದಳಂತೆ. ಒಲ್ಲೆ ಅನ್ನಲು ಬಾರದವಳು! ಹೆಮ್ಮೆಯಾಯಿತು. ಮನೆಗೆ ಬಂದು ನಾನೂ ಅತ್ತೆ. ಅಪ್ಪ ಸತ್ತಾಗಲೂ ಇಷ್ಟು ಅತ್ತಿರಲಿಲ್ಲ. ಅವತ್ತು ದೊಡ್ಡಣ್ಣನಾದರೂ ಅಂಗಳದಲ್ಲಿದ್ದ. ಇವರು ದೀಪ ಹಾಕದೆ ಪಕ್ಕದಲ್ಲಿ ಕೂತಿದ್ದರು.

ಮೇ ೨೫, ಶನಿವಾರ

ಬೇರೆಯವರಿಗೆ ಮಾರುವುದಕ್ಕಿಂತ ನಿನ್ನ ಹತ್ತಿರವೇ ಇರಲಿ ಎಂದು ತಮ್ಮನಿಗೆ ಹೇಳಿದ್ದೆ. ಬೆಳಿಗ್ಗೆ ಲಾರಿ ಒಯ್ಯಲು ಬಂದ. ಕೀ ಕೊಟ್ಟು ಒಳಗೆ ಹೋಗಿಬಿಡಬೇಕು ಅಂದುಕೊಂಡವಳು ಹೋಗಲಾಗದೆ ಅಲ್ಲೇ ನಿಂತೆ.

ದೊಡ್ಡಣ್ಣನ ಮುಖ ಜೌಗಿನ ಕಡೆಗಿತ್ತು. ಗೇಟಿನ ಹೊರಗೇ ದೊಡ್ಡ ರಸ್ತೆ, ಹಿಮ್ಮುಖವಾಗಿ ಇಳಿಸುವಂತಿಲ್ಲ. ತಮ್ಮ ಸ್ಟಾರ್ಟ್ ಮಾಡಿ, ನಾವು ಯಾವಾಗಲೂ ಮಾಡುವಂತೆ, ತಿರುಗಿಸಲು ಸೀದಾ ಕೆಳಗೆ ಬಿಟ್ಟ. ನಾನು ಓಡಿ ಬಾವುಟಗಳ ಮುಂದೆ ನಿಂತೆ.

"ಅಕ್ಕ, ಒಂದೇ ಒಂದು ಸಲ. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ."

"ಮತ್ತೆ ಎಲ್ಲಿ ತಿರುಗಿಸ್ಲಿ? ಮೇಲೆ ಇರೋ ಜಾಗದಲ್ಲಿ ತಿರುಗಲ್ಲ ಅಂತ ನೀನೇ ಅಲ್ವಾ ಅರ್ಜಿ ಹಾಕಿದ್ದು?"

ಅದೂ ನಿಜವೇ. ಇಳಿ ಎಂದೆ. ನಾನು ಹತ್ತಿದೆ.

ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ಎಳೆದು, ಬಂಪರು ಆಫೀಸಿನ ಗೋಡೆಯನ್ನು ಇನ್ನೇನು ಮುಟ್ಟಬೇಕು ಎನ್ನುವವರೆಗೆ ಮುಂದೆ ಹೋದೆ. ಆಮೇಲೆ ಎಡಕ್ಕೆ ಎಳೆದು ಹಿಂದೆ. ಇವರು ಬಾವುಟಗಳ ಪಕ್ಕ ನಿಂತು, ಹಿಂದಿನ ಚಕ್ರ ಹತ್ತಿರ ಬಂದಾಗ ಲಾರಿಯ ಮೈಗೆ ಪಟಪಟ ಬಡಿದರು. ಮತ್ತೆ ಮುಂದೆ, ಮತ್ತೆ ಹಿಂದೆ. ತೋಳು ಬಿದ್ದುಹೋಗುವಷ್ಟು ನೋವು, ಕಣ್ಣಿಗೆ ಬೆವರು. ಕೆಳಗೆ ಬೇಕಾದಷ್ಟು ಜಾಗ ಇತ್ತಲ್ಲ ಎಂದು ಇಷ್ಟು ವರ್ಷ ಒಂದು ದಿನವೂ ಹೀಗೆ ಪ್ರಯತ್ನಿಸಿ ನೋಡಿರಲಿಲ್ಲ. ತಮ್ಮ ಮೊದಲು ತಲೆ ಅಲ್ಲಾಡಿಸುತ್ತಿದ್ದ, ಆಮೇಲೆ ನಿಲ್ಲಿಸಿದ.

ತಲೆ ಎತ್ತಿ ನೋಡಿದಾಗ ಗಾಜಿನ ಎದುರಿಗೆ ಗೇಟು ಕಾಣುತ್ತಿತ್ತು. ಕನ್ನಡಿಯಲ್ಲಿ ಬಾವುಟಗಳು. ಒಂದೂ ಬಾಗಿರಲಿಲ್ಲ.

ಎಂಜಿನ್ ನಿಲ್ಲಿಸಿದೆ. ತಮ್ಮ ಕೆಳಗಿನಿಂದ ಕೈ ಚಾಚಿ ಕೀ ಕೇಳಿದ. ನಾನು ಇಳಿಯಲಿಲ್ಲ. ಇನ್ಸ್‌ಪೆಕ್ಟರಿಗೆ ಫೋನ್ ಮಾಡಿ, ಬಂದು ನೋಡಲಿ ಎಂದು ಇವರಿಗೆ ಹೇಳಲು ಬಾಯಿ ತೆರೆದೆ. ಇವರು ಆಗಲೇ ಫೋನಿನಲ್ಲಿ ಮಾತಾಡುತ್ತಿದ್ದರು.